ಎಸ್‌ಪಿ ರೋಡಿನಿಂದ ಸಾಗರಕ್ಕೆ ಹೋದ ಪೆಟ್ಟಿಗೆ

2024ರ ಮೇ ತಿಂಗಳು, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ. ಸಾಗರದ ಹತ್ತಿರದ ಹಳ್ಳಿಯಲ್ಲಿ ಅಡಿಕೆ ತೋಟ ನೋಡಿಕೊಂಡಿರುವ ಹಳೆಯ ಗೆಳೆಯ ವಾಟ್ಸ್‌ಆ್ಯಪ್‌ನಲ್ಲಿ ಒಂದು ಜಾಹೀರಾತು ಕಳಿಸಿದ. ಜಾತ್ರೆಯ ತೊಟ್ಟಿಲಿನ ಹಾಗೆ ಕೆಂಪು, ನೀಲಿ ದೀಪಗಳಲ್ಲಿ ಮಿನುಗುವ ಕ್ಯಾಬಿನೆಟ್ಟು. ಕೆಳಗೆ ದಪ್ಪಕ್ಷರದಲ್ಲಿ ‘ಐ7 ಗೇಮಿಂಗ್ ಪಿಸಿ, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, ಬರೀ 22 ಸಾವಿರ’. ಬೆನ್ನಿಗೇ ಫೋನು ಬಂತು.

“ಮಗನಿಗೆ ಮಾರಾಯ. ಒಳ್ಳೇ ಮಾರ್ಕ್ಸ್ ತೆಗೆದರೆ ಗೇಮ್ ಆಡೋ ಕಂಪ್ಯೂಟರ್ ಕೊಡಿಸ್ತೀನಿ ಅಂತ ಬಾಯಿತಪ್ಪಿ ಅಂದುಬಿಟ್ಟಿದ್ದೆ. ತೆಗೆದೇಬಿಟ್ಟ. ಇದನ್ನ ತಗಳ್ಳಬಹುದಾ? ಐ7 ಅಂದ್ರೆ ದೊಡ್ಡದೇ ಅಲ್ಲವಾ?”

ಐ7 ಎನ್ನುವುದು ಮನೆತನದ ಹೆಸರು, ಅದರಿಂದ ವಯಸ್ಸು ತಿಳಿಯುವುದಿಲ್ಲ. ಮಾರುವವನ ಹತ್ತಿರ ಪೂರ್ತಿ ನಂಬರು ಕೇಳು ಎಂದೆ. ಸಂಜೆಗೆ ಉತ್ತರ ಬಂತು: ಐ7–2600. ಇಂಟೆಲ್ ಅದನ್ನು ಮಾರುಕಟ್ಟೆಗೆ ತಂದದ್ದು 2011ರ ಜನವರಿಯಲ್ಲಿ. ಗೆಳೆಯನ ಮಗ ಹುಟ್ಟಿದ್ದು 2008ರಲ್ಲಿ. ಅಂದರೆ ಹುಡುಗನಿಗೆ ಬಹುಮಾನವಾಗಿ ಬರಲಿದ್ದದ್ದು ಹೆಚ್ಚುಕಡಿಮೆ ಅವನ ಓರಗೆಯ ಯಂತ್ರವೇ. ದೊಡ್ಡ ಕಚೇರಿಗಳು ತಮ್ಮ ಹಳೆಯ ಕಂಪ್ಯೂಟರುಗಳನ್ನು ಲಾಟುಗಟ್ಟಲೆ ಮಾರುತ್ತವೆ. ಅವುಗಳ ಪ್ರೊಸೆಸರ್ ಬಿಚ್ಚಿ, ಅದಕ್ಕೆ ಹೊಂದುವ ಅಗ್ಗದ ಬೋರ್ಡಿಗೆ ಕೂರಿಸಿ, ಬಣ್ಣದ ದೀಪದ ಹೊಸ ಅಂಗಿ ತೊಡಿಸಿದರೆ ‘ಗೇಮಿಂಗ್ ಪಿಸಿ’ ತಯಾರು. ಲೆಕ್ಕಪತ್ರ ಬರೆಯಲು, ಸಿನಿಮಾ ನೋಡಲು ಅದು ಇವತ್ತಿಗೂ ಸಾಕು. ಆದರೆ ಇಂಟೆಲ್ ಕುಟುಂಬದಲ್ಲೇ ಕಿರಿಯ ಅನ್ನಿಸಿಕೊಂಡ, 2022ರಲ್ಲಿ ಬಂದ ಐ3–12100ಎಫ್ ಕೂಡ ಆಟದ ವಿಷಯದಲ್ಲಿ ಈ ಐ7ನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಎರಡಕ್ಕೂ ಇರುವುದು ನಾಲ್ಕು ನಾಲ್ಕೇ ಕೋರ್. ಅಷ್ಟಲ್ಲದೆ ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕೆಂದು ಮೈಕ್ರೋಸಾಫ್ಟ್ ಹೇಳಿಬಿಟ್ಟಿದೆ. 2600 ಎರಡನೇ ತಲೆಮಾರಿನದು.

ಇನ್ನು ಆ 4 ಜಿಬಿ ಗ್ರಾಫಿಕ್ಸ್. ಅದು ಜಿಟಿ 730 ಎಂಬ 2014ರ ಕಾರ್ಡು. ಇದನ್ನು ಗೆಳೆಯನಿಗೆ ಬಿಡಿಸಿ ಹೇಳಲು ಮದುವೆ ಮನೆಯನ್ನೇ ಎಳೆದು ತರಬೇಕಾಯಿತು.

ಪ್ರೊಸೆಸರ್ ಎಂದರೆ ಅಡುಗೆ ಭಟ್ಟರು. ನಾಲ್ಕೋ ಆರೋ ಜನ, ಎಲ್ಲರೂ ನುರಿತವರು, ಎಂಥ ಕಷ್ಟದ ಕೆಲಸವನ್ನಾದರೂ ತಲೆ ಓಡಿಸಿ ಮಾಡುವವರು. ಗ್ರಾಫಿಕ್ಸ್ ಕಾರ್ಡ್ ಎಂದರೆ ಬಡಿಸುವವರ ದಂಡು. ಒಬ್ಬನಿಗೆ ಉಪ್ಪಿನಕಾಯಿ, ಒಬ್ಬನಿಗೆ ಕೋಸಂಬರಿ, ಯಾರೂ ಯೋಚಿಸುವುದೇನಿಲ್ಲ, ಎಲೆಯಿಂದ ಎಲೆಗೆ ಓಡಿದರಾಯಿತು. ಆದರೆ ಸಾವಿರಾರು ಎಲೆಗಳಿಗೆ ಒಂದೇ ಸಲ ಬಡಿಸಬೇಕೆಂದರೆ ಆರು ಜನ ಭಟ್ಟರಿಂದ ಆಗದು, ದಂಡೇ ಬೇಕು. ಪರದೆಯ ಮೇಲಿನ ಒಂದೊಂದು ಚುಕ್ಕೆಯೂ ಒಂದೊಂದು ಎಲೆ. ಎಸ್‌ಎಸ್‌ಡಿ ಉಗ್ರಾಣ, ರ‍್ಯಾಮು ಭಟ್ಟರ ಕೈಗೆಟುಕುವ ಪಕ್ಕದ ಸಾಮಾನು ಕೋಣೆ. ಗ್ರಾಫಿಕ್ಸ್ ಕಾರ್ಡಿನ ಮೇಲೆ ಬರೆದಿರುವ ಜಿಬಿ ಇದೆಯಲ್ಲ, ಅದು ಬಡಿಸುವವರ ಕೈಯ ಬಕೆಟ್ಟಿನ ಅಳತೆ. ಬಕೆಟ್ಟು ಸಣ್ಣದಾದರೆ ಪಂಕ್ತಿಯ ನಡುವೆ ಒಳಗೆ ಓಡಬೇಕಾಗುತ್ತದೆ, ಊಟಕ್ಕೆ ಕೂತವರು ಕೈ ಕಟ್ಟಿ ಕಾಯುತ್ತಾರೆ. ಆಟದಲ್ಲಿ ದೃಶ್ಯ ಇದ್ದಕ್ಕಿದ್ದಂತೆ ತಡವರಿಸುವುದು ಹೆಚ್ಚಾಗಿ ಹೀಗೆ. ಜಿಟಿ 730ರ ಸಮಸ್ಯೆ ಇದರ ತಿರುಗುಮುರುಗು. ಬಕೆಟ್ಟೇನೋ ದೊಡ್ಡದಿದೆ, ಹೊರುವವರೇ ಇಲ್ಲ. ಅದರಲ್ಲಿರುವುದು ಹೆಚ್ಚೆಂದರೆ 384 ಕೋರ್. ನಾವು ಕೊನೆಗೆ ಕೊಂಡ ಎಎಂಡಿ ಕಂಪನಿಯ ರೇಡಿಯಾನ್ ಆರ್‌ಎಕ್ಸ್ 6600ರಲ್ಲಿ 1792. ಬೇರೆ ಬೇರೆ ಕಂಪನಿಯ, ಬೇರೆ ಬೇರೆ ಕಾಲದ ಕೋರ್‌ಗಳನ್ನು ಹೀಗೆ ತಲೆ ಎಣಿಸಿ ಹೋಲಿಸುವುದು ತಪ್ಪೇ. ಆದರೂ ಅಂತರ ಎಷ್ಟೆಂದು ತಿಳಿಯಲಿ ಅಂತ ಹೇಳಿದೆ.

“ಹಾಗಾದ್ರೆ ಎಷ್ಟು ಬೇಕು?”

“ಯಾವ ಆಟ ಆಡ್ತಾನೆ ಅವನು?”

ಈ ಪ್ರಶ್ನೆಯನ್ನು ಬಹಳ ಜನ ಕೊನೆಯಲ್ಲಿ ಕೇಳುತ್ತಾರೆ, ಇಲ್ಲವೇ ಕೇಳುವುದೇ ಇಲ್ಲ. ಪ್ರೊಸೆಸರ್ ಯಾವುದು ಎಂಬಲ್ಲಿಂದ ಶುರು ಮಾಡಿ, ದುಡ್ಡೆಲ್ಲ ಮುಗಿದ ಮೇಲೆ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಮಾನಿಟರ್ ಜೋಡಿಸುತ್ತಾರೆ. ನನ್ನ ಪ್ರಕಾರ ಕಡಿಮೆ ಖರ್ಚಿನ ಯಂತ್ರವನ್ನು ಪರದೆಯಿಂದ ಹಿಂದಕ್ಕೆ ಕಟ್ಟುತ್ತ ಬರಬೇಕು. ಲೆಕ್ಕ ಹೀಗಿದೆ. ಫುಲ್ ಎಚ್‌ಡಿ ಪರದೆಯಲ್ಲಿ 1920 ಅಡ್ಡ, 1080 ಉದ್ದ, ಒಟ್ಟು 20,73,600 ಚುಕ್ಕೆಗಳು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ 12 ಕೋಟಿ 44 ಲಕ್ಷ ಚುಕ್ಕೆಗಳಿಗೆ ಬಣ್ಣ ಹಚ್ಚಬೇಕು, ಒಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. 4ಕೆ ಪರದೆ ತಂದರೆ ಚುಕ್ಕೆಗಳು ಸರಿಯಾಗಿ ನಾಲ್ಕು ಪಟ್ಟು. ಅದಕ್ಕೆ ತಕ್ಕ ಕಾರ್ಡು ಕೊಳ್ಳಲು ಗೆಳೆಯ ತೋಟದ ಒಂದು ಅಂಚು ಮಾರಬೇಕಾದೀತು. ಫುಲ್ ಎಚ್‌ಡಿ ಎಂದು ಗಟ್ಟಿ ಮಾಡಿಕೊಂಡರೆ ಮಿಕ್ಕ ಭಾಗಗಳೆಲ್ಲ ತಂತಾನೇ ಹದಕ್ಕೆ ಬರುತ್ತವೆ.

ಮಗನನ್ನೇ ಫೋನಿಗೆ ಕರೆಸಿ ಕೇಳಿದೆ. ಜಿಟಿಎ 5, ವ್ಯಾಲರಂಟ್, ಕೌಂಟರ್‌ಸ್ಟ್ರೈಕ್ 2 ಅಂದ. ಮೊದಲನೆಯದು ಪಿಸಿಗೆ ಬಂದದ್ದೇ 2015ರಲ್ಲಿ. ಮತ್ತೆರಡು ಆಟಗಳನ್ನು ಸಾಧಾರಣ ಯಂತ್ರದಲ್ಲೂ ಓಡುವಂತೆ ಮಾಡಿದ್ದಾರೆ. ಮುಂದಿನ ಮೂರು ನಾಲ್ಕು ವರ್ಷದ ಹೊಸ ಆಟಗಳಿಗೂ ಜಾಗವಿರಲಿ ಎಂದು ಮಾನಿಟರ್ ಸೇರಿ 60 ಸಾವಿರಕ್ಕೆ ಗೆಳೆಯನನ್ನು ಒಪ್ಪಿಸಿದೆ. ಅವನು ಒಪ್ಪಿದ್ದು ಸ್ವಲ್ಪ ಬೇಗನೇ ಆಯಿತು ಎಂದು ಆಗಲೇ ಅನ್ನಿಸಿತ್ತು.

ಆ ಶುಕ್ರವಾರ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಬಂದ. ಚಿಕ್ಕಪೇಟೆಯಲ್ಲಿ ಮೆಟ್ರೊ ಇಳಿದು ಗಲ್ಲಿಗಳಲ್ಲಿ ನಡೆದು ಕಂಪ್ಯೂಟರ್ ಅಂಗಡಿಗಳ ಸಾಲಾದ ಎಸ್‌ಪಿ ರೋಡಿಗೆ ಹೋದೆವು. ಪೂರ್ತಿ ಹೆಸರು ಸಾದರ್ ಪತ್ರಪ್ಪ ರಸ್ತೆ. ಅಲ್ಲಿಗೆ ಕಾರು ತರುವವರ ಧೈರ್ಯ ನನಗಿಲ್ಲ. ನೆಲಮಟ್ಟದ ಅಂಗಡಿಗಳಿಗಿಂತ ಮೇಲಂತಸ್ತಿನ ಕಿರಿದಾದ ಮೆಟ್ಟಿಲು ಹತ್ತಿದರೆ ಸಿಗುವ ಅಂಗಡಿಗಳಲ್ಲಿ ಮಾತಾಡಲು ವ್ಯವಧಾನ ಇರುತ್ತದೆ ಎಂಬುದು ನನ್ನ ಅನುಭವ. ಅಲ್ಲಿ ಪ್ರತಿಯೊಂದಕ್ಕೂ ಎರಡು ರೇಟು, ಬಿಲ್ ಸಹಿತ ಒಂದು, ಬಿಲ್ ರಹಿತ ಒಂದು. ಕಂಪ್ಯೂಟರ್ ಬಿಡಿಭಾಗಗಳ ಮೇಲೆ ಶೇಕಡ 18 ಜಿಎಸ್‌ಟಿ ಇರುವುದರಿಂದ 60 ಸಾವಿರದ ವ್ಯಾಪಾರದಲ್ಲಿ ಆಸೆ ಹುಟ್ಟುವುದು ಸಹಜ. ಗೆಳೆಯನ ಕಣ್ಣೂ ಅರಳಿತು. ಬೇಡವೆಂದೆ. ತೆರಿಗೆಯ ಧರ್ಮಸೂಕ್ಷ್ಮ ಹಾಗಿರಲಿ, ಗ್ರಾಫಿಕ್ಸ್ ಕಾರ್ಡಿಗೆ ಸಾಮಾನ್ಯವಾಗಿ ಮೂರು ವರ್ಷದ ವಾರಂಟಿ ಇರುತ್ತದೆ. ಸಾಗರದಲ್ಲಿ ಕೆಟ್ಟ ಕಾರ್ಡನ್ನು ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಬಸ್ ಪಾರ್ಸೆಲ್‌ನಲ್ಲಿ ಕಳಿಸುವ ದಿನ ಕೈಯಲ್ಲಿ ಬಿಲ್ ಇಲ್ಲದಿದ್ದರೆ ಅದು ಬರೀ ಲೋಹದ ಹಲಗೆ.

ಸೆಕೆಂಡ್ ಹ್ಯಾಂಡ್ ಕಾರ್ಡುಗಳನ್ನೂ ತೋರಿಸಿದರು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೊ ನಾಣ್ಯ ತನ್ನ ವ್ಯವಸ್ಥೆಯನ್ನೇ ಬದಲಿಸಿಕೊಂಡ ಮೇಲೆ, ಅದನ್ನು ‘ಅಗೆಯಲು’ ಹಗಲೂ ರಾತ್ರಿ ಉರಿಯುತ್ತಿದ್ದ ಗ್ರಾಫಿಕ್ಸ್ ಕಾರ್ಡುಗಳು ಜಗತ್ತಿನೆಲ್ಲೆಡೆ ಮಾರುಕಟ್ಟೆಗೆ ಬಂದು ಬಿದ್ದವು. ಬೆಂಗಳೂರಿನಲ್ಲೇ ಇರುವವರು ಪರೀಕ್ಷೆ ಮಾಡಿ ಕೊಂಡರೆ ಅದರಲ್ಲಿ ತಪ್ಪೇನಿಲ್ಲ, ನಾನೇ ಒಂದನ್ನು ಬಳಸುತ್ತಿದ್ದೇನೆ. ದೂರದೂರಿನವನಿಗೆ ಮಾತ್ರ ಬೇಡ. 2021ರ ಅಕ್ಟೋಬರಿನಲ್ಲಿ ಬಂದ ಆರ್‌ಎಕ್ಸ್ 6600, 8 ಜಿಬಿಯದು, ಹೊಸದೇ 20 ಸಾವಿರದ ಆಸುಪಾಸಿನಲ್ಲಿ ಸಿಕ್ಕಿತು. ಒಟ್ಟು ದುಡ್ಡಿನ ಮೂರನೇ ಒಂದು ಪಾಲು ಅದಕ್ಕೇ. ಗೇಮಿಂಗ್ ಯಂತ್ರದಲ್ಲಿ ಅದು ಹಾಗೆಯೇ ಇರಬೇಕು.

ಪ್ರೊಸೆಸರ್ ರೈಜೆನ್ 5 5600. ಆರು ಕೋರ್, ಜೊತೆಗೇ ಫ್ಯಾನು ಕೊಡುತ್ತಾರೆ. ಹೊಸ ತಲೆಮಾರಿನದು ಯಾಕೆ ಬೇಡ ಎಂದರೆ ಅದಕ್ಕೆ ಬೋರ್ಡು, ರ‍್ಯಾಮು ಎರಡೂ ದುಬಾರಿಯವು ಬೇಕು. ಎಎಂಡಿ 2016ರಲ್ಲಿ ತಂದ ಎಎಂ4 ಸಾಕೆಟ್ ಇನ್ನೂ ಜೀವಂತ, ಮುಂದೆ ಬೇಕಾದರೆ ಅದೇ ಬೋರ್ಡಿಗೆ ಇದಕ್ಕಿಂತ ಜೋರಿನ ಪ್ರೊಸೆಸರ್ ಕೂರಿಸಬಹುದು. ಬೋರ್ಡಿನ ಮೇಲೆ ಹೆಚ್ಚು ಹೊತ್ತು ಕಳೆಯಲಿಲ್ಲ. ಬಿ450 ಸಾಕು, ಡಬ್ಬದ ಮೇಲೆ ರೈಜೆನ್ 5000ಕ್ಕೆ ಸಿದ್ಧ ಎಂಬ ಚೀಟಿ ಇದೆಯೇ ಎಂದಷ್ಟೇ ನೋಡಿದೆ. ಆ ಚೀಟಿ ಇಲ್ಲದ ಹಳೆಯ ಸ್ಟಾಕು ಬಂದರೆ ಬೋರ್ಡಿನೊಳಗಿನ ಮೂಲ ತಂತ್ರಾಂಶವಾದ ಬಯೋಸ್ ಅಪ್‌ಡೇಟ್ ಆಗುವ ತನಕ ಯಂತ್ರ ಏಳುವುದೇ ಇಲ್ಲ. ರ‍್ಯಾಮು 8 ಜಿಬಿಯ ಎರಡು. ಹದಿನಾರರ ಒಂದು ಕೋಲಿಗಿಂತ ಎಂಟರ ಎರಡು ಮೇಲು, ಒಂದು ಬಾಗಿಲಿನ ಬದಲು ಎರಡು ಬಾಗಿಲಿನಿಂದ ಸಾಮಾನು ಹೊರಬರುತ್ತದೆ.

ಎಸ್‌ಎಸ್‌ಡಿಯ ವಿಷಯದಲ್ಲಿ ಅಂಗಡಿಯವನಿಗೂ ನನಗೂ ಚರ್ಚೆಯಾಯಿತು. 500 ಜಿಬಿ ಸಾಕು, ಎಲ್ಲರೂ ಅದನ್ನೇ ತಗೊಳ್ಳೋದು ಅಂದ. ಬೆಂಗಳೂರಿನ ಹುಡುಗರಿಗೆ ಸಾಕು. ಜಿಟಿಎ 5 ಒಂದೇ 100 ಜಿಬಿ ದಾಟುತ್ತದೆ. ಜಾಗ ಸಾಲದಿದ್ದರೆ ಇಲ್ಲಿಯವರು ಅಳಿಸಿ, ಬೇಕಾದಾಗ ಮತ್ತೆ ಇಳಿಸಿಕೊಳ್ಳುತ್ತಾರೆ. ಗೆಳೆಯನ ಮನೆಯಲ್ಲಿ ಇಂಟರ್ನೆಟ್ಟಿನ ವೇಗ ಒಳ್ಳೆಯ ದಿನ 10 ಎಂಬಿಪಿಎಸ್. ಆ ವೇಗದಲ್ಲಿ 100 ಜಿಬಿ ಇಳಿಯಲು ಎಡೆಬಿಡದೆ 22 ಗಂಟೆ ಬೇಕು, ಮಳೆಗಾಲದಲ್ಲಿ ಎಡೆಬಿಡದೆ ಎಂಬ ಮಾತೇ ಇಲ್ಲ. ಅವನ ಊರಿಗೆ 1 ಟಿಬಿಯೇ ಉಳಿತಾಯ. ಆಟಗಳನ್ನೆಲ್ಲ ನನ್ನ ಮನೆಯಲ್ಲೇ ಇಳಿಸಿ ತುಂಬಿ ಕಳಿಸಿದೆ, ಮಗಳನ್ನು ಕಳಿಸುವಾಗ ಹಪ್ಪಳ, ಸಂಡಿಗೆ ಕಟ್ಟಿಕೊಟ್ಟ ಹಾಗೆ.

ಗೆಳೆಯ ಉಳಿಸಲು ಹೊರಟಿದ್ದು ಎಸ್‌ಎಂಪಿಎಸ್‌ನಲ್ಲಿ. ಗೋಡೆಯ ಕರೆಂಟನ್ನು ಯಂತ್ರಕ್ಕೆ ಬೇಕಾದ ಹದಕ್ಕೆ ಇಳಿಸಿಕೊಡುವ ಡಬ್ಬ ಅದು. ಸಾವಿರ ರೂಪಾಯಿಯದೂ 450 ವ್ಯಾಟ್ ಎನ್ನುತ್ತದೆ, ನಾಲ್ಕು ಸಾವಿರದ್ದೂ 550 ಎನ್ನುತ್ತದೆ, ಅದೊಂದು ಡಬ್ಬಕ್ಕೆ ಮೂರು ಸಾವಿರ ಹೆಚ್ಚು ಯಾಕೆ ಸುರಿಯಬೇಕು ಎಂಬುದು ಅವನ ವಾದ. ನಾನು ಇದಕ್ಕೆ ಶುಲ್ಕ ಕಟ್ಟಿ ಪಾಠ ಕಲಿತವನು. 2009ರಲ್ಲಿ ನಾನೇ ಜೋಡಿಸಿದ ಮೊದಲ ಕಂಪ್ಯೂಟರಿನಲ್ಲಿ ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಇತ್ತು. ಒಂದು ರಾತ್ರಿ ಸುಟ್ಟ ವಾಸನೆ. ಸತ್ತದ್ದು ಅದೊಂದೇ ಆಗಿದ್ದರೆ ಅಳುತ್ತಿರಲಿಲ್ಲ, ಹೋಗುವಾಗ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಯಿತು. ತಂಗಿಯ ಮದುವೆಯ ಫೋಟೊಗಳು ಅದರಲ್ಲಿದ್ದವು.

ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ಸಂಖ್ಯೆಯನ್ನು ಬಿಟ್ಟು, ಪಕ್ಕದ ಸಣ್ಣಕ್ಷರದ ಪಟ್ಟಿಯಲ್ಲಿ 12 ವೋಲ್ಟಿನ ಸಾಲು ನೋಡಬೇಕು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಆ ಸಾಲಿನಿಂದ. ಅಲ್ಲಿ 16 ಆಂಪ್ ಎಂದಿದ್ದರೆ 12ರಿಂದ ಗುಣಿಸಿ. ಬಂದದ್ದು 192 ವ್ಯಾಟ್, 450ರ ಮಾತು ಅಲ್ಲಿಗೆ ಮುಗಿಯಿತು. ಆರ್‌ಎಕ್ಸ್ 6600 ಒಂದೇ 132 ವ್ಯಾಟ್ ಕೇಳುತ್ತದೆ. ಅದಕ್ಕೆ ಪ್ರೊಸೆಸರ್, ಫ್ಯಾನು, ಮಿಕ್ಕದ್ದೆಲ್ಲ ಸೇರಿದರೆ ಇಡೀ ಯಂತ್ರ 250ರ ಹತ್ತಿರ ಬರುತ್ತದೆ. ವಿದ್ಯುತ್ ದಕ್ಷತೆಯ 80 ಪ್ಲಸ್ ಬ್ರಾಂಜ್ ಗುರುತಿನ, 550 ವ್ಯಾಟಿನ, ಐದು ವರ್ಷ ವಾರಂಟಿಯ ಡಬ್ಬ ಕೊಂಡೆವು. ಆ ಹೊರೆಯನ್ನು ಸರಿದೂಗಿಸಲು ಗಾಜಿನ ಬಾಗಿಲು, ಬಣ್ಣದ ದೀಪಗಳನ್ನು ಕೈಬಿಟ್ಟೆವು. ಕ್ಯಾಬಿನೆಟ್ಟಿನ ಮುಂಭಾಗ ಜಾಲರಿಯದು. ಗಾಳಿ ಆಡಬೇಕು, ಹಲ್ಲಿ ನುಗ್ಗಬಾರದು. ಮಲೆನಾಡಿನಲ್ಲಿ ಬೆಚ್ಚಗಿನ ಪೆಟ್ಟಿಗೆ ಕಂಡರೆ ಹಲ್ಲಿ, ಇರುವೆಗಳಿಗೆ ಬಹಳ ಪ್ರೀತಿ.

ಜೋಡಿಸುವ ಕೆಲಸ ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ. ಜನ ಹೆದರುವಷ್ಟು ಕಷ್ಟದ್ದಲ್ಲ. ಹೆಚ್ಚಿನ ಪ್ಲಗ್ಗುಗಳು ಒಂದೇ ದಿಕ್ಕಿನಲ್ಲಿ ಕೂರುವಂತೆ ಮಾಡಿರುತ್ತಾರೆ. ಭಯ ಪಡಬೇಕಾದ ಜಾಗ ಒಂದೇ, ಪ್ರೊಸೆಸರ್. ಎಎಂ4 ಚಿಪ್ಪಿನ ಅಡಿಯಲ್ಲಿ 1331 ಕೂದಲೆಳೆಯ ಪಿನ್ನುಗಳಿವೆ. ಮೂಲೆಯ ಸಣ್ಣ ತ್ರಿಕೋನವನ್ನು ಬೋರ್ಡಿನ ತ್ರಿಕೋನಕ್ಕೆ ಹೊಂದಿಸಿ ಇಟ್ಟರೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಒತ್ತಿದಿರೋ ಕೆಟ್ಟಿತು. ತೋಟದಲ್ಲಿ ಕಸಿ ಕಟ್ಟಿ ಪಳಗಿದ ಕೈ ಗೆಳೆಯನದು. ಇದನ್ನು ಅವನೇ ಮಾಡಿದ, ನನಗಿಂತ ನಾಜೂಕಾಗಿ. ಆನ್ ಮಾಡಿದ ಮೇಲೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬ ಆಯ್ಕೆ ಹಚ್ಚುವುದನ್ನು ಮರೆಯಬಾರದು, ಇಲ್ಲದಿದ್ದರೆ 3200ರ ವೇಗಕ್ಕೆ ದುಡ್ಡು ಕೊಟ್ಟ ರ‍್ಯಾಮು ಅದಕ್ಕಿಂತ ಕಡಿಮೆ ವೇಗದಲ್ಲೇ ತೂಕಡಿಸುತ್ತದೆ. ಹಾಗೆಯೇ 100 ಹರ್ಟ್ಸ್, ಅಂದರೆ ಸೆಕೆಂಡಿಗೆ 100 ಚಿತ್ರ ತೋರಿಸುವ ಮಾನಿಟರ್ ಕೊಂಡು, ವಿಂಡೋಸ್‌ನ ಸೆಟ್ಟಿಂಗಿನಲ್ಲಿ 60 ಎಂದಿರುವುದನ್ನು ಬದಲಿಸದೆ ವರ್ಷಗಟ್ಟಲೆ ಆಡಿದವರನ್ನು ನಾನು ಬಲ್ಲೆ.

ರಾತ್ರಿ ತಾಳಗುಪ್ಪದ ರೈಲಿಗೆ ಹೊರಡುವ ಮುನ್ನ ಗ್ರಾಫಿಕ್ಸ್ ಕಾರ್ಡನ್ನು ಮತ್ತೆ ಬಿಚ್ಚಿ ಅದರ ಡಬ್ಬಕ್ಕೆ ಹಾಕಿದೆ. ಬೋರ್ಡಿಗೆ ನೇತುಬಿದ್ದು ರೈಲಿನ ಕುಲುಕಾಟದಲ್ಲಿ ಸ್ಲಾಟನ್ನೇ ಕಿತ್ತುಕೊಂಡು ಬರುವ ಅಪಾಯ ಇರುತ್ತದೆ. ಗೆಳೆಯ ಕ್ಯಾಬಿನೆಟ್ಟನ್ನು ಬರ್ತ್ ಮೇಲೆ ಮಲಗಿಸಿ ತಾನು ಕೂತೇ ಹೋದನಂತೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಫೋನು. “ಮಾರಾಯ, ಫ್ಯಾನ್ ತಿರುಗ್ತದೆ, ಪರದೆ ಕಪ್ಪು.” ವಿಡಿಯೊ ಕರೆಯಲ್ಲಿ ನೋಡಿದರೆ ಕಾರ್ಡನ್ನು ಸರಿಯಾಗಿಯೇ ಕೂರಿಸಿದ್ದಾನೆ, ಮಾನಿಟರಿನ ವಯರನ್ನು ಮಾತ್ರ ಮೇಲಿನ ಮದರ್‌ಬೋರ್ಡಿನ ತೂತಿಗೆ ಸಿಕ್ಕಿಸಿದ್ದಾನೆ. 5600ರ ಒಳಗೆ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಆ ತೂತು ಅಲಂಕಾರಕ್ಕೆ ಮಾತ್ರ. ಕೆಳಗೆ ಕಾರ್ಡಿಗೇ ಸಿಕ್ಕಿಸಿದ ಮೇಲೆ ಚಿತ್ರ ಬಂತು. ಎರಡು ದಿನ ಬಿಟ್ಟು ಇನ್ನೊಂದು ದೂರು: ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಂ ಎನ್ನುತ್ತದೆ.

ಇದನ್ನು ನಾನು ಮೊದಲೇ ಕೇಳಬೇಕಿತ್ತು. ಎಸ್‌ಎಂಪಿಎಸ್‌ನ ಬಾಯಲ್ಲಿ ಕರೆಂಟಿನ ಕಸ ಸೋಸಲು ಸಣ್ಣ ಕೆಪಾಸಿಟರುಗಳಿರುತ್ತವೆ. ಅವು ಒಂದು ಚೂರು ವಿದ್ಯುತ್ತನ್ನು ಕ್ಯಾಬಿನೆಟ್ಟಿನ ಲೋಹಕ್ಕೆ ಬಿಡುತ್ತವೆ. ಮೂರು ಪಿನ್ನಿನ ಸಾಕೆಟ್ಟಿನ ಮೇಲಿನ ದಪ್ಪ ತೂತಿನಿಂದ ಅದು ಭೂಮಿಗೆ ಇಳಿಯಬೇಕು. ಹಳೆಯ ಮನೆಗಳಲ್ಲಿ ಆ ತೂತಿನ ಹಿಂದೆ ವಯರೇ ಇರುವುದಿಲ್ಲ, ಇದ್ದರೂ ಅರ್ಥಿಂಗ್ ಗುಂಡಿ ಒಣಗಿ ಹೋಗಿರುತ್ತದೆ. ಗೆಳೆಯನ ಮನೆಯಲ್ಲಿ ವಯರು ಇತ್ತು, ಗುಂಡಿ ಎಲ್ಲಿದೆ ಎಂದು ಯಾರಿಗೂ ನೆನಪಿರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ, ಕೊಟ್ಟಿಗೆಯ ಹಿಂದೆ ಹೊಸ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು, ಉಪ್ಪು ತುಂಬಿಸಿದ. ಬೇಸಿಗೆಯಲ್ಲಿ ವಾರಕ್ಕೊಂದು ಬಾರಿ ತೋಟದ ಪೈಪಿನಿಂದ ಅದಕ್ಕೂ ನೀರು ಬಿಡುತ್ತಾನೆ. ಜೊತೆಗೆ ಒಂದು ಯುಪಿಎಸ್. ಅಂಗಡಿಗಳಲ್ಲಿ ಎಲ್ಲರೂ ಒಯ್ಯುವ 600 ವಿಎಯದು ಕೊಡುವುದು 360 ವ್ಯಾಟ್. ಯಂತ್ರ, ಮಾನಿಟರ್ ಸೇರಿದರೆ ಬಿಗಿಯಾಗುತ್ತದೆಂದು 1000 ವಿಎಯದು ತರಿಸಿದೆ. ಹತ್ತು ನಿಮಿಷ ಸಿಕ್ಕರೆ ಸಾಕು, ಆಟ ಉಳಿಸಿ ಯಂತ್ರ ಆರಿಸಬಹುದು. ಸಿಡಿಲು ಹತ್ತಿರ ಬಿದ್ದರೆ ಗುಂಡಿಯೂ ಯುಪಿಎಸ್ಸೂ ಏನೂ ಮಾಡಲಾರವು. ಏಪ್ರಿಲ್, ಮೇ ಸಂಜೆಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಬೇಕು, ರೂಟರಿನದ್ದೂ. ಕೀಬೋರ್ಡು, ಮೌಸು, ಗುಂಡಿ, ಯುಪಿಎಸ್ ಎಲ್ಲ ಸೇರಿ 60 ಸಾವಿರ ಎಂದಿದ್ದದ್ದು 70ರ ಹತ್ತಿರ ಹೋಗಿ ನಿಂತಿತು.

ಇದೇ ಪಟ್ಟಿಯನ್ನು ಈಗ ಕಟ್ಟಲು ಹೊರಟವರು ಒಂದು ಮಾತು ತಿಳಿದಿರಬೇಕು. ಆಗ ಮೂರು ಸಾವಿರದ ಚಿಲ್ಲರೆಗೆ ಸಿಕ್ಕಿದ 16 ಜಿಬಿ ರ‍್ಯಾಮಿನ ಬೆಲೆ 2025ರ ಕೊನೆಗೆ ದುಪ್ಪಟ್ಟನ್ನೂ ದಾಟಿತು. ರ‍್ಯಾಮ್ ಚಿಪ್ಪು ತಯಾರಿಸುವ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂರೂ ಕಂಪನಿಗಳು ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳತ್ತ ಮುಖ ಮಾಡಿವೆ. ಮೈಕ್ರಾನ್ ಅಂತೂ ಜನಸಾಮಾನ್ಯರಿಗೆ ಮಾರುತ್ತಿದ್ದ ತನ್ನ ಕ್ರೂಶಿಯಲ್ ಬ್ರಾಂಡನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಹೇಳಿತು. ಹಳೆಯ ಕಂಪ್ಯೂಟರಿನಲ್ಲಿ ಈ ಬೋರ್ಡಿಗೆ ಹೊಂದುವ ಡಿಡಿಆರ್4 ರ‍್ಯಾಮ್ ಇದ್ದರೆ ಗುಜರಿಗೆ ಹಾಕಬೇಡಿ, ಹೊಸದರಲ್ಲಿ ಬಳಸಿ.

2025ರ ದೀಪಾವಳಿಗೆ ಸಾಗರಕ್ಕೆ ಹೋಗಿದ್ದೆ. ಹುಡುಗ ಪಿಯುಸಿಗೆಂದು ಮೂಡುಬಿದಿರೆಯ ಹಾಸ್ಟೆಲ್ ಸೇರಿ ವರ್ಷವಾಗಿತ್ತು, ರಜೆಗೆ ಬಂದಾಗ ನಾಲ್ಕು ದಿನ ಜಿಟಿಎ ಆಡುತ್ತಿದ್ದನಂತೆ. ರಾತ್ರಿ ಹನ್ನೊಂದಕ್ಕೆ ನೀರು ಕುಡಿಯಲು ಎದ್ದರೆ ಆ ಕೋಣೆಯಲ್ಲಿ ಬೆಳಕು. ಗೆಳೆಯ ಒಬ್ಬನೇ ಕೂತು ಏಜ್ ಆಫ್ ಎಂಪೈರ್ಸ್ 2 ಆಡುತ್ತಿದ್ದ. 1999ರ ಆಟ. ಕಾಲೇಜಿನ ದಿನಗಳಲ್ಲಿ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ನಾವಿಬ್ಬರೂ ಆಡುತ್ತಿದ್ದದ್ದು, ಈಗ 2019ರ ಹೊಸ ಆವೃತ್ತಿಯಲ್ಲಿ. ದಿನಾ ರಾತ್ರಿ ಇದೇ ಎಂದು ಅವನ ಹೆಂಡತಿ ಬೆಳಿಗ್ಗೆ ಹೇಳಿದರು. ಯಾವ ಆಟ ಎಂದು ನಾನು ಕೇಳಿದ್ದು ಮಗನನ್ನು. ಈ ಆಟಕ್ಕೆ ಗ್ರಾಫಿಕ್ಸ್ ಕಾರ್ಡೇ ಬೇಕಿರಲಿಲ್ಲ. ಗ್ರಾಫಿಕ್ಸ್ ಒಳಗೇ ಇರುವ ರೈಜೆನ್ 5 5600ಜಿ ಸಾಕಿತ್ತು.